ಗೇಮ್, ಸಿನಿಮಾ, ದಿನದ ಕೆಲಸ: ಮೂರಕ್ಕೂ ಒಂದೇ ಮಾನಿಟರ್ ಬೇಕು, ಬಳಸಿದವರು ಹೇಳಿ

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಹೊಸ ಮಾನಿಟರ್ ತೆಗೆದುಕೊಳ್ಳಬೇಕು ಅಂತಿದ್ದೇನೆ. ಹಗಲೆಲ್ಲ ಎಕ್ಸೆಲ್, ಮೇಲ್, ಕನ್ನಡ ಮತ್ತು ಇಂಗ್ಲಿಷ್‌ನಲ್ಲಿ ವರದಿ ಬರೆಯುವ ಕೆಲಸ. ಸಂಜೆ ಗೇಮ್ ಆಡುತ್ತೇನೆ. ಶೂಟರ್‌ಗಳೂ ಇವೆ, ನಿಧಾನವಾಗಿ ಕಥೆ ಸಾಗುವ ಗೇಮ್‌ಗಳೂ ಇವೆ. ವಾರದ ಕೊನೆಗೆ ರಾತ್ರಿ ದೀಪ ಆರಿಸಿ ಸಿನಿಮಾ ನೋಡುತ್ತೇನೆ. ಗ್ರಾಫಿಕ್ಸ್ ಕಾರ್ಡ್ ಮಧ್ಯಮ ದರ್ಜೆಯದು. ಮೂರು ಬಗೆ ನೋಡಿಟ್ಟಿದ್ದೇನೆ: 27 ಇಂಚಿನ 1440ಪಿ ಐಪಿಎಸ್, 32 ಇಂಚಿನ 4ಕೆ ವಿಎ, 27 ಇಂಚಿನ 1440ಪಿ ಒಎಲ್‌ಇಡಿ. 1440ಪಿ, 4ಕೆ ಅನ್ನುವುದು ಪರದೆಯಲ್ಲಿ ಎಷ್ಟು ಪಿಕ್ಸೆಲ್ (ಚುಕ್ಕಿ) ಇವೆ ಅನ್ನುವ ಅಳತೆ. ಐಪಿಎಸ್, ವಿಎ ಎರಡೂ ಎಲ್‌ಸಿಡಿ ಪರದೆಯ ಬಗೆಗಳು, ಒಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ ಅಂತ ಗೊತ್ತು. ಆದರೂ ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಬಳಸಿ ನೋಡಿದವರ ಮಾತು ಬೇಕು.

ಮೊದಲ ಉತ್ತರ:

ಈ ಮೂರೂ ಬಗೆಯ ಪರದೆಗಳ ಮುಂದೆ ನಾನು ಕೆಲಸ ಮಾಡಿದ್ದೇನೆ, ಆಡಿದ್ದೇನೆ. ನಿಮ್ಮ ಪ್ರಶ್ನೆ ಓದಿದಾಗ ನನಗೆ ಮೊದಲು ಕಂಡಿದ್ದು ಗೇಮ್ ಅಲ್ಲ, ಎಕ್ಸೆಲ್. ದಿನದ ಹೆಚ್ಚು ಹೊತ್ತು ನೀವು ಅಕ್ಷರ ನೋಡುತ್ತೀರಿ. ಆದ್ದರಿಂದ ಅಕ್ಷರ ಹೇಗೆ ಕಾಣುತ್ತದೆ ಅನ್ನುವುದರಿಂದಲೇ ಶುರು ಮಾಡಿ.

ಅದಕ್ಕೆ ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಇವೆ ಅಂತ ನೋಡಬೇಕು. 24 ಇಂಚಿನ 1080ಪಿ ಪರದೆಯಲ್ಲಿ ಸುಮಾರು 92 ಇರುತ್ತವೆ. ಅದೇ 1080ಪಿ 27 ಇಂಚಿಗೆ ಹೋದರೆ 82ಕ್ಕೆ ಇಳಿಯುತ್ತದೆ. 27 ಇಂಚಿನ 1440ಪಿ ಅಂದರೆ 109, 32 ಇಂಚಿನ 4ಕೆ ಅಂದರೆ ಸುಮಾರು 138. ನಮ್ಮ ಲಿಪಿಗೆ ಇದು ಇಂಗ್ಲಿಷಿಗಿಂತ ಜಾಸ್ತಿ ಮುಖ್ಯ. ‘ರಾಷ್ಟ್ರೀಯ’ ಅಂತ ಸಣ್ಣ ಗಾತ್ರದಲ್ಲಿ ಟೈಪ್ ಮಾಡಿ ನೋಡಿ. 82 ಇರುವ ಪರದೆಯಲ್ಲಿ ‘ಷ’ಕ್ಕೆ ಅಂಟಿದ ಎರಡು ಒತ್ತುಗಳೂ ಕಲಸಿಹೋಗಿ ಒಂದು ಮಸುಕು ಗುರುತಾಗಿ ಕಾಣುತ್ತವೆ. 109ಕ್ಕೆ ಬಂದಾಗ ಎರಡೂ ಬಿಡಿಬಿಡಿಯಾಗಿ ಕಾಣುತ್ತವೆ. 138ರಲ್ಲಂತೂ ಅಚ್ಚಾದ ಪುಸ್ತಕಕ್ಕೆ ಹತ್ತಿರ ಹತ್ತಿರ. ದಿನವಿಡೀ ಕನ್ನಡ ಓದುವವರು 27 ಇಂಚಿನ 1080ಪಿ ಕಡೆ ತಿರುಗಿಯೂ ನೋಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ 4ಕೆ ತಗೊಂಡರೆ ಆಯ್ತಲ್ವಾ? ಇಲ್ಲಿ ನಿಮ್ಮ ಗ್ರಾಫಿಕ್ಸ್ ಕಾರ್ಡ್ ಅಡ್ಡ ಬರುತ್ತದೆ. 1440ಪಿಯಲ್ಲಿ ಸುಮಾರು 37 ಲಕ್ಷ ಪಿಕ್ಸೆಲ್, 4ಕೆಯಲ್ಲಿ 83 ಲಕ್ಷ. ಕಾರ್ಡ್ ಪ್ರತಿ ಫ್ರೇಮಿಗೂ ಎರಡೂಕಾಲು ಪಟ್ಟು ಚುಕ್ಕಿ ಬಿಡಿಸಬೇಕು. ಮಧ್ಯಮ ದರ್ಜೆಯ ಕಾರ್ಡ್ ಹೊಸ ಗೇಮ್‌ಗಳಲ್ಲಿ ಏದುಸಿರು ಬಿಡುತ್ತದೆ. ಗೇಮನ್ನು 1440ಪಿಗೆ ಇಳಿಸಿ ಆಡಬಹುದು, ಆದರೆ 4ಕೆ ಪರದೆಗೆ ಅದು ಸಮನಾಗಿ ಹಂಚಿಕೆಯಾಗುವುದಿಲ್ಲ. ಒಂದು ಪಿಕ್ಸೆಲ್ ಒಂದೂವರೆ ಪಿಕ್ಸೆಲ್ ಜಾಗ ತುಂಬಬೇಕಾಗುತ್ತದೆ, ಅಂಚುಗಳು ಮೆತ್ತಗಾಗುತ್ತವೆ. ಕಡಿಮೆ ಪಿಕ್ಸೆಲ್‌ನಲ್ಲಿ ಬಿಡಿಸಿದ ಚಿತ್ರವನ್ನು ಚೊಕ್ಕವಾಗಿ ಹಿಗ್ಗಿಸುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ತಂತ್ರ ಇರುವ ಗೇಮ್‌ಗಳಲ್ಲಿ ಈ ತೊಂದರೆ ಬಹಳ ಮಟ್ಟಿಗೆ ಕಡಿಮೆ.

ಇನ್ನು ಹರ್ಟ್ಜ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವುದು. 60 ಹರ್ಟ್ಜ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9, 240ರಲ್ಲಿ 4.2. ಮೊದಲ ಹೆಜ್ಜೆಯಲ್ಲೇ ಹತ್ತಿರ ಹತ್ತಿರ 10 ಮಿಲಿಸೆಕೆಂಡ್ ಉಳಿಯಿತು, ಮುಂದಿನ ಹೆಜ್ಜೆಯಲ್ಲಿ 3 ಕೂಡ ಇಲ್ಲ. 60ರಿಂದ 144ಕ್ಕೆ ಬಂದ ವ್ಯತ್ಯಾಸ ಗೇಮ್ ಆಡದವರಿಗೂ ಗೊತ್ತಾಗುತ್ತದೆ. ಉದ್ದದ ಎಕ್ಸೆಲ್ ಹಾಳೆಯನ್ನು ಸರಸರ ಕೆಳಗೆ ಎಳೆಯುವಾಗಲೇ ಅಂಕಿಗಳು ಓದಲು ಸಿಗುತ್ತವೆ. 144ರಿಂದ 240ಕ್ಕೆ ಹೋಗುವುದು ಪಂದ್ಯದಂತೆ ಶೂಟರ್ ಆಡುವವರಿಗೆ. ನಿಮಗೆ 144ರಿಂದ 180ರ ಒಳಗೆ ಇದ್ದರೆ ಧಾರಾಳವಾಯಿತು.

ಪೆಟ್ಟಿಗೆಯ ಮೇಲಿನ ‘1 ಎಂಎಸ್’ (ಪಿಕ್ಸೆಲ್ ಬಣ್ಣ ಬದಲಿಸಲು ಹಿಡಿಯುವ ಮಿಲಿಸೆಕೆಂಡ್) ನೋಡಿ ನಿರ್ಧಾರ ಮಾಡಬೇಡಿ. ಆ ಅಂಕಿ ಸಾಮಾನ್ಯವಾಗಿ ಓವರ್‌ಡ್ರೈವ್ (ಪಿಕ್ಸೆಲ್ ಬೇಗ ಬದಲಾಗುವಂತೆ ಮಾಡುವ ಸೆಟ್ಟಿಂಗ್) ತುತ್ತತುದಿಗೆ ಏರಿಸಿದಾಗ ಸಿಗುವಂಥದ್ದು. ಹಾಗೆ ಇಟ್ಟು ಆಡಿದರೆ ಓಡುವ ವಸ್ತುವಿನ ಹಿಂದೆ ಬೆಳ್ಳನೆಯ ನೆರಳೊಂದು ಹಿಂಬಾಲಿಸುತ್ತದೆ. ಮೆನುವಿನಲ್ಲಿ ಮಧ್ಯದ ಹಂತ ಇಟ್ಟುಕೊಳ್ಳುವುದೇ ಮೇಲು.

ವಿಎ ಬಗ್ಗೆ ಒಂದು ಮಾತು ಬಿಡಿಸಿ ಹೇಳಲೇಬೇಕು. ಅದರ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅಂತರ) ಸಾಮಾನ್ಯವಾಗಿ 3000ಕ್ಕೆ 1ರ ಆಸುಪಾಸು, ಮಾಮೂಲಿ ಐಪಿಎಸ್‌ನದು 1000ಕ್ಕೆ 1. ದೀಪ ಆರಿಸಿದ ಕೋಣೆಯಲ್ಲಿ ಐಪಿಎಸ್‌ನ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ, ಮೂಲೆಗಳಲ್ಲಿ ಮಂಕು ಬೆಳಕು ಕಾಣುತ್ತದೆ. ವಿಎಯಲ್ಲಿ ಕಪ್ಪು ಚೆನ್ನಾಗಿರುತ್ತದೆ. ಆದರೆ ಕಪ್ಪಿನಿಂದ ಗಾಢ ಬೂದಿಗೆ ಬದಲಾಗುವಾಗ ಅದರ ಪಿಕ್ಸೆಲ್ ತಡಮಾಡುತ್ತದೆ. ಗೇಮಿನಲ್ಲಿ ರಾತ್ರಿಯ ಕಾಡು ಅಂದುಕೊಳ್ಳಿ. ಥಟ್ಟನೆ ಪಕ್ಕಕ್ಕೆ ತಿರುಗಿದಿರಿ. ಮರದ ಕಾಂಡದ ಹಿಂದೆ ಕಪ್ಪು ಬಣ್ಣ ಒದ್ದೆ ಶಾಯಿಯಂತೆ ಎಳೆದುಕೊಂಡು ಹೋಗುತ್ತದೆ. ಆ ಕತ್ತಲಲ್ಲಿ ಎದುರಾಳಿ ಇದ್ದರೆ ಕಾಣುವುದು ಕಷ್ಟ. ಎಲ್ಲ ವಿಎಗಳೂ ಹೀಗಲ್ಲ, ಕೆಲವು ದುಬಾರಿ ಮಾದರಿಗಳು ಇದನ್ನು ಚೆನ್ನಾಗಿ ಸರಿಪಡಿಸಿವೆ. ಶೂಟರ್ ಆಡುವ ನೀವು ಕಣ್ಣಾರೆ ನೋಡದೆ ವಿಎ ಕೊಳ್ಳಬೇಡಿ.

ಎಚ್‌ಡಿಆರ್ (ಗಾಢ ಕತ್ತಲು, ಪ್ರಖರ ಬೆಳಕು ಎರಡನ್ನೂ ಒಟ್ಟಿಗೆ ತೋರಿಸುವುದು) ಬಗ್ಗೆ ಬೇಗ ಹೇಳಿಬಿಡುತ್ತೇನೆ. ‘ಡಿಸ್‌ಪ್ಲೇ ಎಚ್‌ಡಿಆರ್ 400’ ಅನ್ನುವ ಚೀಟಿ ಇದ್ದ ಮಾತ್ರಕ್ಕೆ ಎಲ್‌ಸಿಡಿ ಪರದೆಯಲ್ಲಿ ನಿಜವಾದ ಎಚ್‌ಡಿಆರ್ ಸಿಗುವುದಿಲ್ಲ. ಕತ್ತಲ ಭಾಗದ ಬೆಳಕನ್ನು ಬೇರೆಯಾಗಿ ತಗ್ಗಿಸುವ ವ್ಯವಸ್ಥೆ ಇಲ್ಲದಿದ್ದರೆ ಇಡೀ ಪರದೆ ಸುಮ್ನೆ ಬೆಳ್ಳಗಾಗುತ್ತದೆ, ಅಷ್ಟೇ.

ನಿಮ್ಮ ಜಾಗದಲ್ಲಿ ನಾನಿದ್ದರೆ 27 ಇಂಚಿನ ಐಪಿಎಸ್ ತೆಗೆದುಕೊಳ್ಳುತ್ತಿದ್ದೆ. ಸಿನಿಮಾ ನೋಡುವಾಗ ಪೂರ್ತಿ ಕತ್ತಲು ಮಾಡದೆ ಮಾನಿಟರಿನ ಹಿಂದೆ, ಗೋಡೆಗೆ ಬೀಳುವಂತೆ ಒಂದು ಸಣ್ಣ ಬಿಳಿ ದೀಪ ಇಡುತ್ತಿದ್ದೆ. ಕಣ್ಣಿಗೆ ಅದೇ ಕಪ್ಪು ಇನ್ನಷ್ಟು ಕಪ್ಪಾಗಿ ಕಾಣುತ್ತದೆ, ಆಯಾಸವೂ ಕಡಿಮೆ.

ಎರಡನೆಯ ಉತ್ತರ:

ಮೇಲಿನವರು ಹೇಳಿದ್ದು ಕೆಲಸಕ್ಕೆ ಸರಿ. ಆದರೆ ಸಿನಿಮಾ ಪ್ರೀತಿಸುವವರಿಗೆ ಒಎಲ್‌ಇಡಿ ಬೇಡ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ತುಂಬಾ ಸಿನಿಮಾಗಳು 2.39ಕ್ಕೆ 1ರ ಅಗಲದ ಚೌಕಟ್ಟಿನಲ್ಲಿರುತ್ತವೆ. 16:9 ಪರದೆಯಲ್ಲಿ ಅವನ್ನು ಹಾಕಿದರೆ ಎತ್ತರದ ಕಾಲು ಭಾಗ ಬರೀ ಕಪ್ಪು ಪಟ್ಟಿ. ಐಪಿಎಸ್‌ನಲ್ಲಿ ಆ ಪಟ್ಟಿಗಳು ಬೂದಿ ಬಣ್ಣದಲ್ಲಿ ಹೊಳೆಯುತ್ತಾ ಎರಡು ಗಂಟೆ ಕಣ್ಣೆದುರೇ ಇರುತ್ತವೆ. ಒಎಲ್‌ಇಡಿಯಲ್ಲಿ ಆ ಪಿಕ್ಸೆಲ್‌ಗಳು ಪೂರ್ತಿ ಆರಿರುತ್ತವೆ. ಪಟ್ಟಿ ಎಲ್ಲಿ ಮುಗಿಯಿತು, ಕತ್ತಲ ಕೋಣೆ ಎಲ್ಲಿ ಶುರುವಾಯಿತು ಅಂತ ತಿಳಿಯುವುದಿಲ್ಲ. ಇನ್ನೊಂದು, ಸಿನಿಮಾ ಸೆಕೆಂಡಿಗೆ 24 ಚಿತ್ರ. 60ನ್ನು 24ರಿಂದ ಸಮನಾಗಿ ಭಾಗಿಸಲು ಆಗುವುದಿಲ್ಲ. ಒಂದು ಚಿತ್ರ ಮೂರು ಸಲ, ಮುಂದಿನದು ಎರಡು ಸಲ ತೋರಿಸಬೇಕು. ಕ್ಯಾಮೆರಾ ನಿಧಾನವಾಗಿ ಅಡ್ಡ ಚಲಿಸುವಾಗ ಸಣ್ಣ ಕುಲುಕು ಕಾಣುವುದು ಇದರಿಂದಲೇ. 120, 144, 240 ಮೂರೂ 24ರಿಂದ ಸರಿಯಾಗಿ ಭಾಗವಾಗುತ್ತವೆ. ಇದು ಐಪಿಎಸ್‌ಗೂ ಸಿಗುವ ಲಾಭ.

ಒಎಲ್‌ಇಡಿಯ ತೊಂದರೆಗಳನ್ನೂ ಹೇಳುತ್ತೇನೆ. ದಿನವಿಡೀ ಎಕ್ಸೆಲ್ ತೆರೆದಿಟ್ಟರೆ ಮೇಲಿನ ರಿಬ್ಬನ್, ಕೆಳಗಿನ ಟಾಸ್ಕ್‌ಬಾರ್ ಒಂದೇ ಜಾಗದಲ್ಲಿ ಕೂತಿರುತ್ತವೆ. ವರ್ಷಗಳು ಕಳೆದಂತೆ ಅಲ್ಲಿನ ಪಿಕ್ಸೆಲ್‌ಗಳು ಉಳಿದವಕ್ಕಿಂತ ಬೇಗ ಸವೆದು ಅಚ್ಚು ಉಳಿಯಬಹುದು. ನಾನು ಟಾಸ್ಕ್‌ಬಾರ್ ತಾನಾಗಿ ಮರೆಯಾಗುವಂತೆ ಇಟ್ಟಿದ್ದೇನೆ, ಡಾರ್ಕ್ ಥೀಮ್ ಬಳಸುತ್ತೇನೆ, ಐದು ನಿಮಿಷ ಮುಟ್ಟದಿದ್ದರೆ ಪರದೆ ಆರುತ್ತದೆ. ಆಫ್ ಮಾಡಿದ ಮೇಲೆ ಗೋಡೆಯ ಸ್ವಿಚ್ ಆರಿಸುವುದಿಲ್ಲ, ಯಾಕೆಂದರೆ ಪರದೆ ತನ್ನನ್ನು ಸರಿಪಡಿಸಿಕೊಳ್ಳುವ ಕೆಲಸ ಸ್ಟ್ಯಾಂಡ್‌ಬೈನಲ್ಲಿ ನಡೆಯುತ್ತದೆ. ವಾರಂಟಿಯಲ್ಲಿ ‘ಬರ್ನ್‌ಇನ್’ (ಹೀಗೆ ಅಚ್ಚು ಉಳಿಯುವುದು) ಸೇರಿದೆಯೇ ಅಂತ ಓದಿಯೇ ಕೊಳ್ಳಿ.

ಅಕ್ಷರದ ವಿಷಯವೂ ಇದೆ. ಮಾಮೂಲಿ ಎಲ್‌ಸಿಡಿಯಲ್ಲಿ ಕೆಂಪು, ಹಸಿರು, ನೀಲಿ ಸಾಲಾಗಿ ಪಕ್ಕಪಕ್ಕ ಇರುತ್ತವೆ. ಅನೇಕ ಒಎಲ್‌ಇಡಿಗಳಲ್ಲಿ ಜೋಡಣೆ ಬೇರೆ. ವಿಂಡೋಸ್‌ನ ಕ್ಲಿಯರ್‌ಟೈಪ್ ಸಾಲು ಜೋಡಣೆಯನ್ನೇ ನಂಬಿ ಅಕ್ಷರ ಬಿಡಿಸುತ್ತದೆ. ಹಾಗಾಗಿ ಬಿಳಿ ಹಾಳೆಯ ಕಪ್ಪು ಅಕ್ಷರದ ಅಂಚಿಗೆ ತೆಳು ಬಣ್ಣ ಹತ್ತುತ್ತದೆ. 27 ಇಂಚಿನ 1440ಪಿಯಲ್ಲಿ ಇದು ಕಾಣುತ್ತದೆ, ಅದೇ ಅಳತೆಯ 4ಕೆಯಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ನನಗೆ ಬರೆಯುವ ಕೆಲಸ ಕಡಿಮೆ, ಸಿನಿಮಾ ಜಾಸ್ತಿ, ಹಾಗಾಗಿ ಹೊಂದಿಕೊಂಡೆ. ನಿಮ್ಮದು ತಿರುಗಾಮುರುಗಾ.

ಮೂರನೆಯ ಉತ್ತರ:

ಯಾರೂ ಹೇಳದ ಒಂದೆರಡು ಮಾತು. 32 ಇಂಚು ತಗೊಳ್ಳುವ ಮೊದಲು ಮೇಜಿನ ಅಗಲ ಅಳೆಯಿರಿ. ಕಣ್ಣಿಗೂ ಪರದೆಗೂ 80 ಸೆಂ.ಮೀ. ಅಂತರ ಸಿಗದಿದ್ದರೆ ಮೂಲೆ ನೋಡಲು ಕತ್ತು ತಿರುಗಿಸಬೇಕಾಗುತ್ತದೆ. ಸ್ಟ್ಯಾಂಡ್ ಮೇಲೆ ಕೆಳಗೆ ಆಗುತ್ತದೆಯೇ ನೋಡಿ. ಇಲ್ಲದಿದ್ದರೆ ಹಿಂಬದಿಯಲ್ಲಿ 100×100 ಮಿ.ಮೀ. ವೆಸಾ ತೂತುಗಳಾದರೂ ಇರಲಿ, ಮುಂದೆ ಮಾನಿಟರ್ ಹಿಡಿದು ನಿಲ್ಲಿಸುವ ಆರ್ಮ್ ಹಾಕಬಹುದು. ನನ್ನ ಕತ್ತುನೋವು ಕಡಿಮೆಯಾಗಿದ್ದು ಹೊಸ ಪ್ಯಾನೆಲ್‌ನಿಂದ ಅಲ್ಲ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬಂದಿದ್ದರಿಂದ.

ಮತ್ತೆ ಕೇಳಿದವರು:

ತುಂಬಾ ಥ್ಯಾಂಕ್ಸ್. ಮೇಜು ಚಿಕ್ಕದು, ಹಾಗಾಗಿ 32 ಇಂಚು ಬಿಟ್ಟೆ. ಪಕ್ಕದ ಕಿಟಕಿಯಿಂದ ಬೆಳಕೂ ಬೀಳುತ್ತದೆ. ಐಪಿಎಸ್ ಕಡೆಗೇ ಮನಸ್ಸು ವಾಲಿದೆ. ಕಚೇರಿಯ ಲ್ಯಾಪ್‌ಟಾಪನ್ನೂ ಇದಕ್ಕೇ ಜೋಡಿಸಬೇಕು. ಕೇಬಲ್ ಯಾವುದು?

ಮೊದಲ ಉತ್ತರ ಕೊಟ್ಟವರು:

ಕಿಟಕಿ ಇದ್ದರೆ ಮ್ಯಾಟ್ ಪರದೆಯ ಐಪಿಎಸ್ಸೇ ಸರಿ.

ಗೇಮ್ ಆಡುವ ಕಂಪ್ಯೂಟರಿಗೆ ಡಿಸ್‌ಪ್ಲೇಪೋರ್ಟ್ ಬಳಸಿ. 1.4 ಆವೃತ್ತಿ ಇದ್ದರೆ 1440ಪಿಯಲ್ಲಿ 180 ಹರ್ಟ್ಜ್ ಆರಾಮಾಗಿ ಬರುತ್ತದೆ. ಎಚ್‌ಡಿಎಂಐ 2.0 ಆದರೆ 144ರ ಹತ್ತಿರ ನಿಲ್ಲುತ್ತದೆ. ಲ್ಯಾಪ್‌ಟಾಪಿಗೆ ಟೈಪ್-ಸಿ ಇರುವ ಮಾನಿಟರ್ ಸಿಕ್ಕರೆ ಒಂದೇ ತಂತಿಯಲ್ಲಿ ಚಿತ್ರವೂ ಬರುತ್ತದೆ, ಚಾರ್ಜೂ ಆಗುತ್ತದೆ. ಆದರೆ ಎಲ್ಲ ಟೈಪ್-ಸಿ ಕಿಂಡಿಯಲ್ಲೂ ಚಿತ್ರ ಹೋಗುವುದಿಲ್ಲ. ಲ್ಯಾಪ್‌ಟಾಪಿನ ವಿವರದಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಅಂತ ಇರಬೇಕು. ಮಾನಿಟರ್ 65 ವ್ಯಾಟ್ ಆದರೂ ಕೊಡಬೇಕು, 15 ವ್ಯಾಟ್ ಕೊಡುವುದು ಲ್ಯಾಪ್‌ಟಾಪಿಗೆ ಸಾಲದು.

ಮಾನಿಟರ್ ಬಂದ ದಿನವೇ ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಹರ್ಟ್ಜ್ ನೋಡಿ. ಎಷ್ಟೋ ಸಲ ಅದು 60ರಲ್ಲೇ ನಿಂತಿರುತ್ತದೆ. ಫ್ರೀಸಿಂಕ್ ಅಥವಾ ಜಿ-ಸಿಂಕ್ (ಕಾರ್ಡ್ ಚಿತ್ರ ಕೊಡುವ ವೇಗಕ್ಕೆ ಪರದೆ ಹೊಂದಿಕೊಳ್ಳುವ ವ್ಯವಸ್ಥೆ) ಆನ್ ಮಾಡಿ. ಆಮೇಲೆ ರಾತ್ರಿ ದೀಪ ಆರಿಸಿ ಪೂರ್ತಿ ಕಪ್ಪು ಚಿತ್ರ ಹಾಕಿ, ಮೂಲೆಗಳ ಬೆಳಕು ನೋಡಿ. ಆಮೇಲೆ ಬಿಳಿ, ಕೆಂಪು, ಹಸಿರು, ನೀಲಿ ಒಂದೊಂದಾಗಿ ಹಾಕಿ ಸತ್ತ ಪಿಕ್ಸೆಲ್ ಹುಡುಕಿ. ಐಪಿಎಸ್‌ನಲ್ಲಿ ಒಂದೇ ಮಾದರಿಯ ಎರಡು ಪರದೆಗಳ ನಡುವೆಯೂ ಮೂಲೆಯ ಬೆಳಕು ಬೇರೆಬೇರೆ ಇರುತ್ತದೆ. ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಇದನ್ನೆಲ್ಲ ಮಾಡಿ, ಅಲ್ಲಿಯವರೆಗೆ ಪೆಟ್ಟಿಗೆ ಮತ್ತು ಥರ್ಮೋಕೋಲ್ ಎಸೆಯಬೇಡಿ.