ಥಾರ್ ಮರುಭೂಮಿಯಲ್ಲಿ ಇಡೀ ದಿನ ನಡೆದವರು ಯಾರಾದ್ರೂ ಇದ್ದೀರಾ?

ಬನಶಂಕರಿಯಿಂದ ಪ್ರಶ್ನೆ
ಡಿಸೆಂಬರ್ ಕೊನೇ ವಾರ ನಾನು, ನನ್ನ ತಂಗಿ ಜೈಸಲ್ಮೇರ್‌ಗೆ ಹೊರಟಿದ್ದೀವಿ. ಒಂಟೆ ಸವಾರಿ, ಟೆಂಟಿನ ಮುಂದೆ ಡಾನ್ಸು ಯಾವುದೂ ಬೇಡ. ಖುರಿ ಹಳ್ಳಿಯಿಂದ ಹೊರಟು ಬೆಳಗ್ಗಿಂದ ಸಂಜೆವರೆಗೂ ನಡೀಬೇಕು ಅಂತ ಆಸೆ. 25 ಕಿ.ಮೀ. ಲೆಕ್ಕ ಹಾಕಿದ್ದೀವಿ. ಸಾವನದುರ್ಗ, ಕುಮಾರಪರ್ವತ ಹತ್ತಿದ್ದೀವಿ, ಮರಳು ಮಾತ್ರ ಹೊಸದು. ಅನುಭವ ಇರೋರು ದಯವಿಟ್ಟು ಹೇಳಿ. ಅಮ್ಮನದು ಒಂದೇ ಪ್ರಶ್ನೆ: "ಅಲ್ಲಿ ಏನಾದ್ರೂ ಎದುರಿಗೆ ಬಂದ್ರೆ ಏನ್ಮಾಡ್ತೀರ?"

ಕೆಂಗೇರಿ
ಮೊದಲು 25 ಅನ್ನೋದನ್ನ 15ಕ್ಕೆ ಇಳಿಸಿ. ಸಡಿಲ ಮರಳಲ್ಲಿ ನಡೆಯೋಕೆ ಗಟ್ಟಿ ನೆಲದ ಎರಡು ಪಟ್ಟು ಶಕ್ತಿ ಬೇಕು. ಕುಮಾರಪರ್ವತ ಹತ್ತಿದ ಕಾಲಿಗೂ ಇದು ಬೇರೆ ಕೆಲಸ, ಮೀನಖಂಡ ಬೇಗ ಕೈಕೊಡುತ್ತೆ. ಆದ್ರೆ ಥಾರ್ ಅಂದ್ರೆ ಬರೀ ಮರಳುದಿಬ್ಬ ಅಲ್ಲ. ಕಲ್ಲುಹರಳಿನ ಬಯಲು, ಕುರುಚಲು ಗಿಡ, ಎಕ್ಕದ ಪೊದೆ, ನೆಲದ ಮೇಲೆ ಹಬ್ಬಿದ ಹಾವುಮೆಕ್ಕೆ ಬಳ್ಳಿ, ಇವೇ ಜಾಸ್ತಿ. (ಆ ಪುಟ್ಟ ಕಲ್ಲಂಗಡಿಯಂಥ ಕಾಯಿ ನೋಡಿ ಬಾಯಿಗೆ ಹಾಕಬೇಡಿ, ವಿಷದಷ್ಟು ಕಹಿ, ಹೊಟ್ಟೆ ಕೆಡೋದು ಖಂಡಿತ.)

ದಿಬ್ಬ ಬಂದಾಗ ನೇರ ಗೆರೆ ಎಳೆದು ಹೋಗೋಕೆ ನೋಡಬೇಡಿ. ಗಾಳಿ ಬಡಿಯೋ ಮಗ್ಗುಲು ಇಳಿಜಾರಾಗಿ ಗಟ್ಟಿಯಾಗಿರುತ್ತೆ. ಆಚೆ ಮಗ್ಗುಲು 30 ಡಿಗ್ರಿಗೂ ಕಡಿದು, ಕಾಲಿಟ್ಟರೆ ಕುಸಿಯುತ್ತೆ. ಹತ್ತೋದು ಗಟ್ಟಿ ಕಡೆಯಿಂದ, ಆಮೇಲೆ ನೆತ್ತಿಯ ಏಣು ಹಿಡಿದು ನಡೀರಿ. ಸುತ್ತು ದಾರಿ ಅನ್ಸಿದ್ರೂ ಬೇಗ ಮುಟ್ತೀರ.

ಜಾಲರಿ ಬಟ್ಟೆಯ ರನ್ನಿಂಗ್ ಶೂ ಬೇಡ, ಮರಳು ಮೇಲಿಂದಲೇ ಸೋರಿ ಒಳಗೆ ಹೋಗುತ್ತೆ. ಗೇಟರ್ (ಮರಳು ಒಳಗೆ ಹೋಗದ ಹಾಗೆ ಶೂ ಬಾಯಿ ಮುಚ್ಚೋ ಬಟ್ಟೆಯ ಕವಚ) ಹಾಕ್ಕೊಳ್ಳಿ. ನೀರು ತಲಾ ನಾಲ್ಕು ಲೀಟರಿಗೆ ಕಮ್ಮಿ ಬೇಡ, ಜೊತೆಗೆ ಓಆರ್‌ಎಸ್. ಚಳಿಗಾಲದ ಒಣಗಾಳಿಗೆ ಬೆವರು ಅಲ್ಲಲ್ಲೇ ಆರಿಹೋಗುತ್ತೆ, ಮೈಯಿಂದ ಎಷ್ಟು ನೀರು ಹೋಯ್ತು ಅಂತ ಗೊತ್ತಾಗಲ್ಲ. ಇನ್ನೊಂದು, ಬೆಂಗಳೂರಿನ ಹಾಗೆ ಆರೂವರೆಗೆ ಬೆಳಕು ಹರಿಯುತ್ತೆ ಅಂತ ಕಾಯಬೇಡಿ. ಡಿಸೆಂಬರಲ್ಲಿ ಅಲ್ಲಿ ಸೂರ್ಯ ಹುಟ್ಟೋದೇ ಏಳೂಕಾಲರ ಮೇಲೆ, ಆರರ ಆಸುಪಾಸಿಗೆ ಮುಳುಗಿಬಿಡ್ತಾನೆ. ಆಮೇಲೆ ಚಳಿ ಹೇಗೆ ಬೀಳುತ್ತೆ ಅಂದ್ರೆ, ಹಗಲಲ್ಲಿ ಬಿಚ್ಚಿ ಬ್ಯಾಗಿಗೆ ತುರುಕಿದ ಸ್ವೆಟರ್ ಹುಡುಕೋಕೂ ಟೈಮ್ ಕೊಡಲ್ಲ.

ಹೋಗೋ ಮುಂಚೆ ಒಂದು ವಾರಾಂತ್ಯ ಗೋಕರ್ಣದ ಬೀಚ್‌ಗಳಲ್ಲಿ ನೀರಿಂದ ದೂರದ ಒಣ ಮರಳಲ್ಲಿ ಬ್ಯಾಗ್ ಹೊತ್ತು ನಡೀರಿ. ತುರಹಳ್ಳಿ ಕಾಡಲ್ಲಿ ಎಷ್ಟು ಸುತ್ತು ಹಾಕಿದ್ರೂ ಆ ಅಭ್ಯಾಸ ಆಗಲ್ಲ.

ಮಲ್ಲೇಶ್ವರಂ
ಶೂ, ನೀರು ದುಡ್ಡು ಕೊಟ್ರೆ ಸಿಗುತ್ತಮ್ಮ. ನಿಮ್ಮ ಅಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ. ಮರುಭೂಮಿ ಖಾಲಿ ಅಂದ್ಕೊಂಡು ಹೊರಡಬೇಡಿ. ಇಷ್ಟೊಂದು ಜನ ಬದುಕ್ತಿರೋ ಮರುಭೂಮಿ ಪ್ರಪಂಚದಲ್ಲೇ ಅಪರೂಪ. ನಾವು ದಂಪತಿ ಒಬ್ಬ ಸ್ಥಳೀಯ ಹುಡುಗನ ಜೊತೆ ನಡೆದ ದಿನ ಮನುಷ್ಯರೋ ಪ್ರಾಣಿಗಳೋ ಸಿಗ್ತಾನೇ ಇದ್ದರು.

ಬೆಳಗ್ಗೆ ಹತ್ತರ ಹೊತ್ತಿಗೆ ಒಂದು ಒಂಟಿ ಗಂಡೊಂಟೆ. ನಾನು ಫೋಟೋಗೆ ಅಂತ ಮೊಬೈಲ್ ತೆಗೆದೆ, ಹುಡುಗ ಕೈ ಹಿಡಿದು ಎಳೆದ. ಒಂಟೆ ಹಲ್ಲು ಕಡೀತಾ ಇತ್ತು, ಬಾಯ ತುಂಬ ನೊರೆ. ಆಮೇಲೆ ಗಂಟಲೊಳಗೆ ಗುಳುಗುಳು ಅಂತ ಸದ್ದು ಬಂದು, ಬಾಯಿ ಪಕ್ಕದಿಂದ ಊದಿದ ಗುಲಾಬಿ ಬಲೂನಿನ ಹಾಗೆ ಏನೋ ಹೊರಗೆ ಜೋತುಬಿತ್ತು. ನಾಲಿಗೆ ಕಿತ್ತು ಬಂತೇನೋ ಅಂತ ಗಾಬರಿ ಆಯ್ತು. ಅದು ಬಾಯೊಳಗಿನ ಅಂಗಳದ ಮೆತ್ತನೆ ಭಾಗವಂತೆ, ಬೆದೆಗೆ ಬಂದಾಗ ಗಾಳಿ ತುಂಬಿ ಹೊರಗೆ ಬಿಡುತ್ತೆ. ತಲೆ ಹಿಂದಿನಿಂದ ಕಪ್ಪಗೆ ಅಂಟು ಇಳೀತಿತ್ತು, ಬಾಲದಿಂದ ತನ್ನ ಮೂತ್ರವನ್ನೇ ಬೆನ್ನಿಗೆ ಬಡ್ಕೊಳ್ತಿತ್ತು. ಚಳಿಗಾಲವೇ ಒಂಟೆಗಳ ಬೆದೆಗಾಲ, ನೀವು ಹೋಗೋದೂ ಆಗಲೇ. ಆ ಸಮಯದಲ್ಲಿ ಸಾಕಿದವನನ್ನೇ ಕಚ್ಚೋದುಂಟು. ಈ ಲಕ್ಷಣ ಕಂಡ್ರೆ ದೂರದಿಂದಲೇ ದೊಡ್ಡ ಸುತ್ತು ಹಾಕಿ, ನಡುವೆ ಮರವೋ ಮುಳ್ಳುಪೊದೆಯೋ ಇರೋ ಹಾಗೆ ನೋಡ್ಕೊಳ್ಳಿ.

ಮಧ್ಯಾಹ್ನ ಒಂದು ಢಾಣಿ, ಅಂದ್ರೆ ನಾಲ್ಕಾರು ಗುಡಿಸಲಿನ ವಸತಿ. ಪಕ್ಕದಲ್ಲಿ ಮುಚ್ಚಳ ಹಾಕಿದ ಟಾಂಕಾ, ಮಳೆನೀರು ಹಿಡಿದಿಡೋ ನೆಲದಡಿಯ ತೊಟ್ಟಿ. ಅದರ ಸುತ್ತ ಸವರಿಟ್ಟ ಅಂಗಳದಿಂದಲೇ ನೀರು ಒಳಗೆ ಹರಿಯೋದು, ಹಾಗಾಗಿ ಅಲ್ಲಿ ಚಪ್ಪಲಿ ಕಾಲಿಡೋ ಹಾಗಿಲ್ಲ. ಆ ಮನೆಯಾಕೆ ನಮ್ಮನ್ನ ಕೂರಿಸಿ ಮಜ್ಜಿಗೆ ಕೊಟ್ಟರು. ನೀರು ಬೇಕಾ ಅಂತಲೂ ಕೇಳಿದ್ರು, ಬೇಡ ಅಂದ್ವಿ. ಮಳೆ ಬಿದ್ದರೆ ಮಾತ್ರ ತುಂಬೋ ತೊಟ್ಟಿ ಅದು. ದಾರೀಲಿ ಯಾರಾದ್ರೂ ಕೊಡ್ತಾರೆ ಅಂತ ಬಾಟಲಿ ಕಮ್ಮಿ ತಗೊಂಡು ಹೋಗೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ.

ಹಾವಿನ ಬಗ್ಗೆ ಅಮ್ಮನಿಗೆ ಹೇಳಿ: ಅಲ್ಲಿ ಗರಗಸ ಮಂಡಲ ಇದೆ, ಚಳಿಗಾಲದಲ್ಲಿ ಓಡಾಟ ಕಮ್ಮಿ. ಪೊದೆ ಬುಡದಲ್ಲಿ ಕೂರಬೇಡಿ, ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಹೆಜ್ಜೆ ಇಡಬೇಡಿ.

ರಾಜಾಜಿನಗರ (ಮೂಲ ಸಿರುಗುಪ್ಪ)
ಎಲ್ಲಾರೂ ಒಂಟೆ ಒಂಟೆ ಅಂತೀರಲ್ರಿ, ಎರೆಭೂತದ ಹೆಸರು ಯಾರೂ ಎತ್ತಲಿಲ್ಲ! ನಮ್ಮ ಕಡಿ ಎರಿ ಹೊಲದಾಗ ಹಿರಿಯರು ಕಂಡ ಹಕ್ಕಿ ಅದು. ನಾ ಕಂಡಿದ್ದು ಮಾತ್ರ ಜೈಸಲ್ಮೇರಿನಾಗ. ಒಂದು ಮೀಟರ್ ಎತ್ತರ, ಗಂಡು ಹತ್ತು ಕೆ.ಜಿ.ಗೂ ಮ್ಯಾಲ ತೂಗತೈತಿ. ದೂರದಾಗ ಕುರಿಮರಿ ನಿಂತೈತಿ ಅನ್ಕೊಂಡಿದ್ದೆ, ಕತ್ತು ಎತ್ತಿದ ಮ್ಯಾಲ ಗೊತ್ತಾತು. ದೇಶದಾಗ ಉಳಿದಾವು ಇನ್ನೂರಕ್ಕೂ ಕಡಿಮಿ. ಮುಂದಿಂದು ಸರಿ ಕಾಣಂಗಿಲ್ಲ ಅದಕ್ಕ, ಹಾರುವಾಗ ಕರೆಂಟ್ ತಂತಿಗೆ ಬಡಕೊಂಡು ಸಾಯತಾವು. ಕಂಡ್ರ ನಿಂತಲ್ಲೇ ನಿಲ್ರಿ, ಬೆನ್ನ ಹತ್ತಬ್ಯಾಡ್ರಿ. ಖುರಿ ಸುತ್ತಮುತ್ತ ಡೆಸರ್ಟ್ ನ್ಯಾಷನಲ್ ಪಾರ್ಕ್ ಐತಿ, 3,162 ಚದರ ಕಿ.ಮೀ. ನಡಿಯೂ ದಾರಿ ಅದರೊಳಗ ಹೋಗತೈತೇನು ಅಂತ ಅರಣ್ಯ ಇಲಾಖೆಗೆ ಮೊದಲ ಕೇಳ್ರಿ.

ಮತ್ತ, ಅಲ್ಲಿ ನೆರಳು ಕೊಡೂ ಖೇಜ್ರಿ ಅಂದ್ರ ನಮ್ಮ ಬನ್ನಿ ಮರ. ನಾವು ದಸರಾಕ್ಕ ಎಲಿ ಕೊಟ್ಟು ಬಂಗಾರ ಅಂತೀವಿ, ಅವ್ರು ಕಾಯಿ ಒಣಗಿಸಿ ಪಲ್ಯ ಮಾಡ್ತಾರ. ಸಾಂಗ್ರಿ ಅಂತ ಹೆಸರು. ಸಜ್ಜಿ ರೊಟ್ಟಿ ಜೋಡಿ ಬಿಡಬ್ಯಾಡ್ರಿ.

ಹೆಬ್ಬಾಳ
ಅಮೆರಿಕದ ಕಸಿನ್ ಕೊಟ್ಟ ಸ್ಯಾಟಲೈಟ್ ಮೆಸೆಂಜರ್ (ಉಪಗ್ರಹದ ಮೂಲಕ ಮೆಸೇಜ್ ಕಳಿಸೋ ಸಾಧನ) ಇದ್ದರೆ ಮನೇಲೇ ಬಿಡಿ. ಸರ್ಕಾರದ ಅನುಮತಿ ಇಲ್ಲದೆ ಅದನ್ನ ಇಟ್ಕೊಳ್ಳೋದು ಇಲ್ಲಿ ಅಪರಾಧ, ಅದೂ ಪಾಕಿಸ್ತಾನದ ಗಡಿ ಜಿಲ್ಲೆಯಲ್ಲಿ! ಡ್ರೋನೂ ಬೇಡ. ಆಫ್‌ಲೈನ್ ಮ್ಯಾಪ್, ಪವರ್ ಬ್ಯಾಂಕ್, ಆಧಾರ್ ಕಾರ್ಡ್ ಸಾಕು. ನಮ್ಮನ್ನ ಗಡಿ ಭದ್ರತಾ ಪಡೆಯ ಜೀಪು ನಿಲ್ಲಿಸಿ, ಎಲ್ಲಿಂದ, ಎಲ್ಲಿಗೆ, ಯಾರ ಮನೇಲಿ ಇಳಿದಿದ್ದೀರ ಅಂತೆಲ್ಲ ಕೇಳಿತು. ಇಳಿದ ಮನೆಯವರ ನಂಬರ್ ಕೊಟ್ಟ ಮೇಲೆ ಬಿಟ್ಟರು. ಯಾವ ಹಳ್ಳಿ ದಾಟಿ ಪಶ್ಚಿಮಕ್ಕೆ ಹೋಗಬಾರದು ಅನ್ನೋದನ್ನ ಹಿಂದಿನ ರಾತ್ರಿಯೇ ಇಳಿದ ಮನೆಯವರ ಹತ್ರ ಕೇಳಿಟ್ಕೊಳ್ಳಿ.

ಬನಶಂಕರಿ
ಎಲ್ಲರಿಗೂ ಥ್ಯಾಂಕ್ಸ್. 15 ಕಿ.ಮೀ. ಅಂತ ಬದಲಾಯಿಸಿದ್ವಿ, ಊರಿನವರೊಬ್ಬರನ್ನ ಜೊತೆಗೆ ಕರ್ಕೊಳ್ತೀವಿ. ನಾಯಿಗಳು? ತಂಗಿಗೆ ಒಂಟೆಗಿಂತ ಅವುಗಳದ್ದೇ ಭಯ.

ಮಲ್ಲೇಶ್ವರಂ
ಇರ್ತಾವೆ, ಕುರಿ ಕಾಯೋ ನಾಯಿಗಳು. ನಮ್ಮ ಬೀದಿನಾಯಿ ಥರ ಬಿಸ್ಕತ್ತಿಗೆ ಬಗ್ಗಲ್ಲ. ಹಿಂಡಿನ ಮಧ್ಯೆ ನುಗ್ಗಬೇಡಿ, ಓಡಬೇಡಿ. ದೂರದಲ್ಲೇ ನಿಂತು ಕುರುಬನಿಗೆ ಕೇಳೋ ಹಾಗೆ ಜೋರಾಗಿ "ರಾಮ್ ರಾಮ್ ಸಾ" ಅನ್ನಿ. ಅವನು ಒಂದು ಸಿಳ್ಳೆ ಹೊಡೆದ್ರೆ ವಾಪಸ್ ಹೋಗ್ತಾವೆ. ತಂಗಿ ನಡುವೆ ನಡೀಲಿ.