ತೀರ್ಪಿನ ದಿನ ಶಿಕ್ಷೆಯಾದರೆ ನೇರ ಜೈಲೇ?

ಪ್ರಶ್ನೆ (ಹಾವೇರಿ): ವಕೀಲರೇ, ಹೊಲದ ಬದುವಿನ ಜಗಳದಲ್ಲಿ ನಮ್ಮಣ್ಣನ ಮೇಲೆ ಐಪಿಸಿ 324ರ (ಆಯುಧದಿಂದ ಗಾಯ ಮಾಡಿದ) ಹಳೇ ಕೇಸಿದೆ. ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ ಮುಂದಿನ ವಾರ ತೀರ್ಪು. ಮೊದಲು ಮೂರು ವಾರ ಜೈಲಲ್ಲಿದ್ದ, ಈಗ ಜಾಮೀನಿನ ಮೇಲಿದ್ದಾನೆ. ಶಿಕ್ಷೆಯಾದರೆ ಅಲ್ಲಿಂದಲೇ ಕರೆದೊಯ್ಯುತ್ತಾರಾ?

ಉತ್ತರ: ಅಕ್ಕಾ, ಗಾಬರಿ ಬೇಡ, ಆದರೆ ತಯಾರಿ ಈಗಲೇ ಆಗಲಿ. 324ಕ್ಕೆ ಹೆಚ್ಚೆಂದರೆ ಮೂರು ವರ್ಷ ಜೈಲು. ಜಾಮೀನಿನ ಮೇಲಿರುವವರಿಗೆ ಮೂರು ವರ್ಷ ಮೀರದ ಶಿಕ್ಷೆಯಾದರೆ, ಅಪೀಲು ಹಾಕುವಷ್ಟು ಸಮಯಕ್ಕೆ ಅದೇ ಕೋರ್ಟು ಜಾಮೀನು ಕೊಡಬೇಕು. ವಿಶೇಷ ಕಾರಣವಿದ್ದರೆ ಮಾತ್ರ ನಿರಾಕರಿಸಬಹುದು. ಕ್ರಿಮಿನಲ್ ಕೇಸು ನಡೆಸುವ ಕಾನೂನಿನಲ್ಲಿ ಹಿಂದೆ ಇದು ಸಿಆರ್‌ಪಿಸಿ 389ನೇ ಕಲಂ, ಈಗ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನ 430.

ಆದರೆ ನೀವು ಕೇಳಬೇಕು, ಅದೂ ಅವತ್ತೇ. ಅರ್ಜಿ ಬರೆದಿಟ್ಟುಕೊಂಡಿರಲು ನಿಮ್ಮ ವಕೀಲರಿಗೆ ಇವತ್ತೇ ಹೇಳಿ. ಜಾಮೀನುದಾರರು ಪಹಣಿ, ಆಧಾರ್ ಹಿಡಿದು ಬೆಳಗ್ಗೆಯಿಂದ ಕೋರ್ಟಿನಲ್ಲೇ ಇರಲಿ. ಅವರು ಬರಲಿಲ್ಲ ಅಂತ ಸುಮ್ನೆ ರಾತ್ರಿ ಜೈಲಲ್ಲಿ ಕಳೆಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಇನ್ನೊಂದು. ತಪ್ಪಿತಸ್ಥ ಎಂದ ಮೇಲೆ ಶಿಕ್ಷೆ ಎಷ್ಟು ಅಂತ ಹೇಳುವ ಮೊದಲು ನ್ಯಾಯಾಧೀಶರು ನಿಮ್ಮಣ್ಣನ ಮಾತು ಕೇಳುತ್ತಾರೆ. ಅಲ್ಲಿ ಬಾಯಿ ಮುಚ್ಚಿ ನಿಲ್ಲುವುದು ಬೇಡ. ಬೇರೆ ಕೇಸಿಲ್ಲ, ಮನೆಯಲ್ಲಿ ಇವನನ್ನೇ ನಂಬಿದವರಿದ್ದಾರೆ ಎಂಬುದೆಲ್ಲ ಹೇಳಿಸಿ. 1958ರ ಪ್ರೊಬೇಷನ್ ಕಾಯ್ದೆಯಲ್ಲಿ ಒಳ್ಳೇ ನಡತೆಯ ಬಾಂಡ್ ಬರೆಸಿಕೊಂಡು ಬಿಡುವ ದಾರಿಯೂ ಇದೆ. ಅದನ್ನು ಕೇಳುವವರೇ ಕಡಿಮೆ.

ಪ್ರಶ್ನೆ: ಅಪೀಲು ಎಲ್ಲಿಗೆ? ಹಾಕಿದರೆ ಶಿಕ್ಷೆ ಜಾಸ್ತಿಯಾಗುತ್ತೆ ಅಂತ ಊರಲ್ಲಿ ಹೆದರಿಸುತ್ತಾರೆ.

ಉತ್ತರ: ನಿಮ್ಮ ಅಪೀಲಿನಲ್ಲಿ ಶಿಕ್ಷೆ ಹೆಚ್ಚಿಸಲು ಬರುವುದಿಲ್ಲ. ಅದಕ್ಕೆ ಸರ್ಕಾರವೇ ಬೇರೆ ಅಪೀಲು ಹಾಕಬೇಕು. ನಿಮ್ಮದು ಜಿಲ್ಲಾ ಸೆಷನ್ಸ್ ಕೋರ್ಟಿಗೆ, 30 ದಿನದೊಳಗೆ. ಅಪೀಲು ಹಾಕಿದ ಮಾತ್ರಕ್ಕೆ ಶಿಕ್ಷೆ ನಿಲ್ಲುವುದಿಲ್ಲ, ಅಮಾನತು ಮಾಡಿ ಅಂತ ಜೊತೆಗೇ ಅರ್ಜಿ ಕೊಡಬೇಕು. ಅಲ್ಲೂ ಸೋತರೆ ಮತ್ತೆ ಅಪೀಲಿಲ್ಲ. ಹೈಕೋರ್ಟಿನ ಧಾರವಾಡ ಪೀಠಕ್ಕೆ ರಿವಿಷನ್ ಅರ್ಜಿ, ಅಂದರೆ ಕೆಳಗಿನ ತೀರ್ಪಿನಲ್ಲಿ ಕಾನೂನಿನ ತಪ್ಪಿದೆಯೇ ನೋಡಿ ಅಂತ ಅರ್ಜಿ, ಹಾಕಬಹುದು. ಆದರೆ ಅಲ್ಲಿ ಸಾಕ್ಷಿಗಳನ್ನೆಲ್ಲ ಸಾಮಾನ್ಯವಾಗಿ ಹೊಸದಾಗಿ ತೂಗುವುದಿಲ್ಲ. ಆದ್ದರಿಂದ ಪೂರ್ತಿ ಬಲ ಸೆಷನ್ಸ್‌ನಲ್ಲೇ ಹಾಕಿ.

ಪ್ರಶ್ನೆ: ಆ ಮೂರು ವಾರ ಲೆಕ್ಕಕ್ಕೆ ಬರುತ್ತಾ?

ಉತ್ತರ: ಬರುತ್ತದೆ, ಜೈಲು ಶಿಕ್ಷೆಯಲ್ಲಿ ಅಷ್ಟು ದಿನ ಕಳೆಯುತ್ತಾರೆ. ಜೈಲು ಶಿಕ್ಷೆಯಾದರೆ ತೀರ್ಪಿನ ಪ್ರತಿಯನ್ನೂ ಅವನಿಗೆ ಉಚಿತವಾಗಿ ಕೊಡಬೇಕು. ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.