ಹಿರಿಯ ಮಾಡೆಲ್ ರೈಲು ಹವ್ಯಾಸಿಗಳಿಂದ ಹಳೇ ಕತೆ ಕೇಳುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು, ಶಿಕಾಗೋ ಹತ್ತಿರದಿಂದ

ನಮಸ್ಕಾರ. ಹೋದ ಚಳಿಗಾಲದಿಂದ ಇಲ್ಲಿನ ಒಂದು ಮಾಡೆಲ್ ರೈಲು ಕ್ಲಬ್ಬಿಗೆ ಹೋಗುತ್ತಿದ್ದೇನೆ. ಸದಸ್ಯರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು. ಕಾಫಿ ಹೊತ್ತಿಗೆ ಅವರವರೇ ಹಳೇ ಮಾತು ತೆಗೆದರೆ ನನಗೆ ಎದ್ದು ಬರಲು ಮನಸ್ಸಾಗುವುದಿಲ್ಲ. ಆದರೆ ಅವರು ಹೇಳುವ ಹೆಸರುಗಳಲ್ಲಿ ಅರ್ಧ ನನಗೆ ಗೊತ್ತಿಲ್ಲ. ನಾನಾಗಿ "ಆ ಕಾಲ ಹೇಗಿತ್ತು?" ಅಂತ ಕೇಳಿದರೆ "ಎಲ್ಲಾ ಕೈಯಲ್ಲೇ ಮಾಡ್ಕೋಬೇಕಿತ್ತು" ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಏನು ಕೇಳಬೇಕು, ಹೇಗೆ ಕೇಳಬೇಕು, ಬರೆದಿಟ್ಟುಕೊಳ್ಳಬಹುದೇ? ದಯವಿಟ್ಟು ತಿಳಿಸಿ.

ಉತ್ತರ, ಮಿಲ್ವಾಕಿಯಿಂದ

ಕಾಲದ ಬಗ್ಗೆ ಕೇಳಬೇಡಿ, ಸಾಮಾನಿನ ಬಗ್ಗೆ ಕೇಳಿ. ಇಲ್ಲಿನ ಹಿರಿಯರ ಜೊತೆ ವರ್ಷಗಟ್ಟಲೆ ಕೂತು ನನಗೆ ಗೊತ್ತಾದ ದಾರಿ ಇದು. ಒಂದು ಹಳೇ ವಸ್ತು ಕೈಗೆ ಕೊಟ್ಟರೆ ಸಾಕು, ಮಾತು ತಾನಾಗಿ ಬರುತ್ತದೆ.

ನಾನು ಕೊಟ್ಟಿದ್ದು ಏಥರ್ನ್ ಕಂಪನಿಯ ಐವತ್ತರ ದಶಕದ ಒಂದು ಡೀಸೆಲ್ ಎಂಜಿನ್. ಅದರಲ್ಲಿ ಗೇರ್ ಇರುವುದಿಲ್ಲ. ಮೋಟಾರಿನ ದಂಡಕ್ಕೂ ಗಾಲಿಯ ಅಚ್ಚಿಗೂ ರಬ್ಬರ್ ಬ್ಯಾಂಡ್ ಸುತ್ತಿ ಓಡಿಸುತ್ತಿದ್ದರು. ಎಂಬತ್ತು ದಾಟಿದ ನಮ್ಮ ಯಜಮಾನರೊಬ್ಬರು ಮೇಲಿನ ಪ್ಲಾಸ್ಟಿಕ್ ಕವಚ ಕಳಚಿ, ಒಳಗೆ ಒಣಗಿ ಅಂಟಿಕೊಂಡಿದ್ದ ರಬ್ಬರನ್ನು ಉಗುರಿನಲ್ಲಿ ಕೆರೆಯುತ್ತಾ ಮಾತಿಗೆ ಶುರುವಿಟ್ಟರು. ಹುಡುಗನಾಗಿದ್ದಾಗ ಬೆಳಗ್ಗೆ ಮನೆಮನೆಗೆ ಪೇಪರ್ ಹಾಕುತ್ತಿದ್ದರಂತೆ. ಆ ದುಡ್ಡಿಗೆ ಗೇರ್ ಇರುವ ಎಂಜಿನ್ ಸಿಗುತ್ತಿರಲಿಲ್ಲ, ಇದು ಸಿಗುತ್ತಿತ್ತು. ಪೇಪರ್ ಸುರುಳಿಗೆ ಹಾಕುವ ರಬ್ಬರ್ ಬ್ಯಾಂಡೇ ಎಂಜಿನ್ನಿಗೂ. ವೇಗದ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಎಂಜಿನ್ ಹಾರಿ ಓಡುತ್ತಿತ್ತಂತೆ, ತಿರುವಿನಲ್ಲಿ ಮೇಜಿನಿಂದಲೇ ಕೆಳಕ್ಕೆ. ಅಲ್ಲಿಂದ ಮಾತು ಅವರಪ್ಪನಿಗೆ ಹೋಯಿತು. ಅಪ್ಪ ಮಿಲ್ವಾಕಿ ರೋಡ್ ರೈಲ್ವೆಯಲ್ಲಿ ಕೆಲಸಕ್ಕಿದ್ದವರು, ಮಗನ ಎಂಜಿನ್ ಓಡುವ ವೇಗ ನೋಡಿ ಬೇಸರಪಟ್ಟುಕೊಂಡು, ನಿಜವಾದ ಗೂಡ್ಸ್ ಗಾಡಿ ಹೇಗೆ ಮೆಲ್ಲಗೆ ಎಳೆದುಕೊಂಡು ಹೊರಡುತ್ತದೆ ಅಂತ ಕೈಯಲ್ಲಿ ತಳ್ಳಿ ತೋರಿಸಿದರಂತೆ. ಅದನ್ನು ಹೇಳುವಾಗ ಯಜಮಾನರೂ ಅದನ್ನು ಹಾಗೇ ತಳ್ಳಿ ತೋರಿಸಿದರು. ಹಿಂದೆ ಹೇಗಿತ್ತು ಅಂತ ಕೇಳಿದ್ದರೆ ಇದು ಬರುತ್ತಲೇ ಇರಲಿಲ್ಲ.

ಎರಡನೇ ಮಾತು: "ಯಾಕೆ" ಅನ್ನುವುದಕ್ಕಿಂತ "ಹೇಗೆ ಮಾಡ್ತಿದ್ರಿ" ಅಂತ ಕೇಳಿ. ಹಳಿ ಒರೆಸುವುದನ್ನೇ ತೆಗೆದುಕೊಳ್ಳಿ. ಆಗ ಹೆಚ್ಚಾಗಿ ಹಿತ್ತಾಳೆ ಹಳಿ. ಹಿತ್ತಾಳೆಗೆ ಹಿಡಿಯುವ ಕಿಲುಬಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಆದ್ದರಿಂದ ಓಡಿಸುವ ಮುಂಚೆ ಪ್ರತಿಸಲ ಒರೆಸಲೇಬೇಕು. ಒರೆಸುತ್ತಿದ್ದುದು ಕಾರ್ಬನ್ ಟೆಟ್ರಾಕ್ಲೋರೈಡ್ ಅನ್ನುವ ದ್ರಾವಕದಲ್ಲಿ, ಅದೂ ಕಿಟಕಿ ಮುಚ್ಚಿದ ನೆಲಮಾಳಿಗೆಯಲ್ಲಿ! ಪಿತ್ತಜನಕಾಂಗಕ್ಕೆ ವಿಷ ಅಂತ 1970ರಲ್ಲಿ ಅದನ್ನು ಮನೆಬಳಕೆಯಿಂದ ನಿಷೇಧಿಸಿದರು. ಗುಡ್ಡ ಬೆಟ್ಟ ಮಾಡುವ ಮಿಶ್ರಣಕ್ಕೆ ಆಸ್ಬೆಸ್ಟಾಸ್ ಪುಡಿ ಬೆರೆಸುತ್ತಿದ್ದವರೂ ಇದ್ದರು. ಹುಲ್ಲು ಅಂದರೆ ಬಣ್ಣ ಹಾಕಿದ ಮರದ ಹೊಟ್ಟು, ಮರ ಅಂದರೆ ಒಣಗಿಸಿದ ಕಲ್ಲುಹೂವು. ಇವೆಲ್ಲ "ಹೇಗೆ" ಅಂತ ಕೇಳಿದ್ದಕ್ಕೆ ಬಂದ ಉತ್ತರಗಳು.

ಕೆಲವು ಹೆಸರು ಮೊದಲೇ ತಿಳಿದಿದ್ದರೆ ಮಾತು ಮಧ್ಯೆ ನಿಲ್ಲುವುದಿಲ್ಲ. ನಮ್ಮ ಊರೇ ಇದಕ್ಕೆ ತವರು: ಮಾಡೆಲ್ ರೈಲ್‌ರೋಡರ್ ಪತ್ರಿಕೆಯನ್ನು ಆಲ್ ಕಾಲ್ಮ್‌ಬಾಕ್ 1934ರಲ್ಲಿ ಇಲ್ಲೇ ಶುರು ಮಾಡಿದ್ದು, ಹಳಿ, ಗಾಲಿಗಳ ಅಳತೆ ಗೊತ್ತುಮಾಡಿದ ಮಾಡೆಲ್ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘ ಮರುವರ್ಷ ಇಲ್ಲೇ ಹುಟ್ಟಿದ್ದು. ಅದಕ್ಕೆ ಮುಂಚೆ ಒಬ್ಬರ ಬೋಗಿ ಇನ್ನೊಬ್ಬರ ಹಳಿ ಮೇಲೆ ಓಡುತ್ತದೆ ಅನ್ನುವ ಖಾತ್ರಿ ಇರಲಿಲ್ಲ.

ಎಲ್ಲರೂ ಹೇಳುವ ಕತೆ ಮಾತ್ರ ಜಾನ್ ಅಲೆನ್ ಅವರದು. ಕ್ಯಾಲಿಫೋರ್ನಿಯಾದ ಮಾಂಟೆರೇಯ ಫೋಟೋಗ್ರಾಫರ್. ಬೇರೆಯವರು ಥಳಥಳ ಹೊಳೆಯುವ ಎಂಜಿನ್ ಓಡಿಸುತ್ತಿದ್ದ ದಿನಗಳಲ್ಲಿ ಈತ ಎಂಜಿನ್ನಿಗೆ ಮಸಿ, ತುಕ್ಕು, ಧೂಳು ಬಳಿದರು. ಕನ್ನಡಿ ನಿಲ್ಲಿಸಿ ಕೋಣೆಯನ್ನೇ ದೊಡ್ಡದಾಗಿ ಕಾಣಿಸಿದರು, ನೆಲದಿಂದ ಮೇಲೇಳುವ ಬೆಟ್ಟ ಕಟ್ಟಿದರು. ಶಂಟಿಂಗ್ ಎಂಜಿನ್ ಬದಲಿಗೆ ಒಂದು ಡೈನೋಸಾರ್ ಬೋಗಿ ಎಳೆಯುತ್ತಿತ್ತು! 1973ರ ಜನವರಿಯಲ್ಲಿ ತೀರಿಕೊಂಡರು. ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು ಅವರ ಲೇಔಟ್, ಅಂದರೆ ಹಳಿ, ಬೆಟ್ಟ ಎಲ್ಲಾ ಸೇರಿದ ಇಡೀ ಮಾಡೆಲ್, ಹಾಳಾಯಿತು. ನಮ್ಮಲ್ಲೊಬ್ಬರು ಆ ಸುದ್ದಿ ಕೇಳಿದಾಗ ತಾವು ಎಲ್ಲಿ ನಿಂತಿದ್ದರು ಅನ್ನುವುದನ್ನು ಈಗಲೂ ಹೇಳುತ್ತಾರೆ, ಹೇಳುವಾಗ ದನಿ ಇಳಿಯುತ್ತದೆ. ಅಲೆನ್ ಲೇಔಟನ್ನು ಅವರು ಒಮ್ಮೆಯೂ ಕಣ್ಣಾರೆ ಕಂಡವರಲ್ಲ. ಪತ್ರಿಕೆಯಲ್ಲಿ ಬರುತ್ತಿದ್ದ ಫೋಟೋಗಳನ್ನು ನೋಡಿಕೊಂಡೇ ಬೆಳೆದವರು. ನಿಮ್ಮ ಕ್ಲಬ್ಬಿನಲ್ಲಿ ಈ ಹೆಸರು ಒಂದು ಸಲ ಎತ್ತಿ ನೋಡಿ.

ಇನ್ನೊಂದು ಒಳ್ಳೆಯ ಪ್ರಶ್ನೆ ಜಪಾನಿನ ಹಿತ್ತಾಳೆ ಎಂಜಿನ್ನುಗಳದು. ಯುದ್ಧದ ನಂತರ ಅಲ್ಲಿನ ಸಣ್ಣ ಕಾರ್ಖಾನೆಗಳು ಅಮೆರಿಕದ ಎಂಜಿನ್ನುಗಳನ್ನು ಕೈಯಲ್ಲೇ ಬೆಸೆದು ಕಳಿಸುತ್ತಿದ್ದವು. 1949ರಿಂದ 1971ರವರೆಗೆ ಡಾಲರಿಗೆ 360 ಯೆನ್ ಅಂತ ದರ ನಿಂತಿದ್ದರಿಂದ ಕೈಗೆಟುಕುತ್ತಿತ್ತು. ಮೊದಲನೆಯದನ್ನು ಯಾವಾಗ ಕೊಂಡಿರಿ, ಮನೆಯಲ್ಲಿ ಏನೆಂದು ಹೇಳಿದಿರಿ ಅಂತ ಕೇಳಿ. ಆ ಸಂಜೆ ಬೇರೆ ಪ್ರಶ್ನೆ ಬೇಕಾಗುವುದಿಲ್ಲ.

ಬರೆದಿಟ್ಟುಕೊಳ್ಳಿ, ಆದರೆ ಕೇಳಿಯೇ. ಮೊಬೈಲನ್ನು ಕಾಣುವ ಹಾಗೆ ಮೇಜಿನ ಮೇಲಿಡಿ. ಇಸವಿ ತಪ್ಪು ಹೇಳಿದರೆ ಅಲ್ಲೇ ತಿದ್ದಬೇಡಿ, ಮನೆಗೆ ಬಂದು ಹಳೇ ಸಂಚಿಕೆಯಲ್ಲಿ ನೋಡಿ ಪಕ್ಕದಲ್ಲಿ ಗುರುತು ಹಾಕಿಕೊಂಡರಾಯಿತು.

ಉತ್ತರ, ಇಂಗ್ಲೆಂಡಿನಿಂದ

ಮಿಲ್ವಾಕಿಯವರ ಮಾತು ಸರಿ, ಒಂದು ಸೇರಿಸುತ್ತೇನೆ. ಎದುರು ಕೂತು ಕೇಳಬೇಡಿ, ಪಕ್ಕದಲ್ಲಿ ನಿಂತು ರೈಲು ಓಡಿಸುತ್ತಾ ಕೇಳಿ. ಗಾಡಿ ಬರುವುದನ್ನು ಕಾಯುವ ಬಿಡುವಿನಲ್ಲಿ ಹಿರಿಯರು ಎಷ್ಟು ಆರಾಮಾಗಿ ಮಾತಾಡುತ್ತಾರೆ ಅಂದರೆ ನಾನು ಕೇಳಿದ ಒಳ್ಳೆಯ ಕತೆಗಳೆಲ್ಲ ಹಾಗೇ ಬಂದವು.

ಪಾದ್ರಿ ಪೀಟರ್ ಡೆನ್ನಿ ಅವರ ಬಕಿಂಗ್‌ಹ್ಯಾಮ್ ಲೇಔಟ್ ವಿಷಯ ನನಗೆ ಗೊತ್ತಾಗಿದ್ದು ಹೀಗೆಯೇ. ನಿಜವಾದ ಸಿಗ್ನಲ್ ಕ್ಯಾಬಿನ್ನುಗಳಂತೆ ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಗಂಟೆ ಬಾರಿಸಿ, ಒಪ್ಪಿಗೆ ಬಂದ ಮೇಲೇ ಗಾಡಿ ಬಿಡುವ ಪದ್ಧತಿ ಅಲ್ಲಿತ್ತು. ಇನ್ನೊಂದು ತುದಿಯ ಸ್ಟೇಷನ್ ನೋಡಿಕೊಳ್ಳುತ್ತಿದ್ದವನು ಮಗ ಕ್ರಿಸ್ಪಿನ್. ಅವನಿಲ್ಲದಾಗ ಏನು ಮಾಡುವುದು? ಅಪ್ಪ ಗಂಟೆ ಕೇಳಿ ಗಂಟೆಗೆ ಉತ್ತರಿಸುವ ಒಂದು ಯಂತ್ರವನ್ನೇ ಕಟ್ಟಿ ಅದಕ್ಕೆ 'ಆಟೋಮ್ಯಾಟಿಕ್ ಕ್ರಿಸ್ಪಿನ್' ಅಂತ ಹೆಸರಿಟ್ಟರು. ಮಗನ ಮೇಲಿನ ಅಷ್ಟೂ ಪ್ರೀತಿ ಆ ಹೆಸರಲ್ಲಿದೆ ಅಂತ ನನಗನ್ನಿಸುತ್ತದೆ.

ಈ ಕಡೆ ಬಂದರೆ ಆಕ್ಸ್‌ಫರ್ಡ್‌ಶೈರಿನ ಲಾಂಗ್ ವಿಟ್ಟನ್‌ಹ್ಯಾಮ್‌ನಲ್ಲಿರುವ ಪೆಂಡನ್ ಮ್ಯೂಸಿಯಂ ನೋಡಿ. ಜಾನ್ ಅಹರ್ನ್ ಅವರ ಮ್ಯಾಡರ್ ವ್ಯಾಲಿ ಲೇಔಟನ್ನು ಅಲ್ಲಿ ಉಳಿಸಿಕೊಂಡಿದ್ದಾರೆ. ರೈಲಿನ ಜೊತೆಗೆ ಊರು, ಹೊಳೆ, ಹೊಲ ಎಲ್ಲಾ ಸೇರಿ ಒಂದು ಲೋಕ ಆಗಬೇಕು ಅಂತ ಮೊದಮೊದಲು ಮಾಡಿ ತೋರಿಸಿದವರಲ್ಲಿ ಅವರೊಬ್ಬರು.

ಉತ್ತರ, ಮೈಸೂರಿನಿಂದ

ನಮ್ಮ ಮಾವನವರು ಹವ್ಯಾಸಿಯಲ್ಲ, ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್) ಕಾಲದಲ್ಲಿ ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದವರು. ಅವರಾಗಿ ಏನೂ ಹೇಳುತ್ತಿರಲಿಲ್ಲ. ನನ್ನ ಮಗ 1:87 ಅಳತೆಯಲ್ಲಿ (ನಿಜವಾದದ್ದರ 87ರಲ್ಲಿ ಒಂದು ಪಾಲು) ರಟ್ಟಿನ ಎಂಜಿನ್ ಮಾಡಿ, ಅಂಗಡಿಯಲ್ಲಿ ಸಿಗುವ 16.5 ಮಿಲಿಮೀಟರ್ ಅಗಲದ ಹಳಿ ಮೇಲೆ ನಿಲ್ಲಿಸಿದ. ತಾತ ದೂರದಿಂದ ನೋಡಿದವರೇ "ಇದು ನಮ್ಮ ಗಾಡಿ ಅಲ್ಲ ಕಣೋ, ಕಾಲು ಅಗಲಿಸಿ ನಿಂತಿದೆ" ಅಂದರು. ಲೆಕ್ಕ ಹಾಕಿದರೆ ನಿಜ. ಆ ಅಳತೆಗೆ ಮೀಟರ್ ಗೇಜ್ ಹಳಿ ಹನ್ನೆರಡು ಮಿಲಿಮೀಟರಿಗಿಂತ ಕಮ್ಮಿ ಇರಬೇಕು. ಅವತ್ತು ಸಲಿಕೆ ಹಿಡಿಯುವುದರಿಂದ ಹಿಡಿದು ಒದ್ದೆ ಕಲ್ಲಿದ್ದಲಿನ ಪಾಡಿನವರೆಗೆ ಎಲ್ಲಾ ಹೇಳಿದರು. ಹಾಗಾಗಿ ನಿಮ್ಮ ಕೈಕೆಲಸವನ್ನೂ ಹಿರಿಯರಿಗೆ ತೋರಿಸಿ. ತಿದ್ದುವುದಕ್ಕೆ ಬಾಯಿ ತೆರೆದವರು ಬೇಗ ನಿಲ್ಲಿಸುವುದಿಲ್ಲ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಹಳೇ ಸಾಮಾನಿನ ಅಂಗಡಿಯಲ್ಲಿ ಎರಡು ಗೂಡ್ಸ್ ಡಬ್ಬಿ ಸಿಕ್ಕಿವೆ. ತುದಿಯಲ್ಲಿ ಅಡ್ಡಕ್ಕೆ ಕೊಂಬಿನಂಥ ಪ್ಲಾಸ್ಟಿಕ್ ಕೊಕ್ಕೆ ಇದೆ. ಈ ವಾರ ಇದನ್ನೇ ಒಯ್ಯಲೇ?

ಉತ್ತರ, ಮಿಲ್ವಾಕಿಯಿಂದ

ಖಂಡಿತ ಒಯ್ಯಿರಿ. ಅದು ಹಾರ್ನ್ ಹುಕ್ ಕಪ್ಲಿಂಗ್, ಡಬ್ಬಿಗಳನ್ನು ಒಂದಕ್ಕೊಂದು ಸೇರಿಸುವ ಕೊಂಡಿ. ಅಗ್ಗ ಅಂತ ದಶಕಗಟ್ಟಲೆ ಬಹುತೇಕ ಕಂಪನಿಗಳು ಕಿಟ್ ಜೊತೆ ಅದನ್ನೇ ಕೊಡುತ್ತಿದ್ದವು. ನೋಡಲು ನಿಜವಾದ ಕಪ್ಲಿಂಗಿನ ಹಾಗಿರಲಿಲ್ಲ. ಆರೆಗಾನ್‌ನ ಕೀತ್ ಮತ್ತು ಡೇಲ್ ಎಡ್ವರ್ಡ್ಸ್ ಸಹೋದರರ ಕೇಡೀ ಕಪ್ಲಿಂಗ್ ನಿಜವಾದದ್ದನ್ನೇ ಹೋಲುತ್ತಿತ್ತು, ಹಳಿ ನಡುವಿನ ಅಯಸ್ಕಾಂತದ ಮೇಲೆ ನಿಲ್ಲಿಸಿದರೆ ತಾನೇ ಬಿಡಿಸಿಕೊಳ್ಳುತ್ತಿತ್ತು. ಆದರೆ ಇವೆರಡೂ ಒಂದಕ್ಕೊಂದು ಕೂಡುವುದಿಲ್ಲ, ಬದಲಾಯಿಸಿದರೆ ಎಲ್ಲಾ ಡಬ್ಬಿಗಳನ್ನೂ ಬದಲಾಯಿಸಬೇಕು. ನಿಮ್ಮ ಕ್ಲಬ್ಬಿನಲ್ಲಿ ಮೊದಲು ಬದಲಾಯಿಸಿದವರು ಯಾರು, ಕೊನೇವರೆಗೂ ಒಪ್ಪದವರು ಯಾರು ಅಂತ ಕೇಳಿ. ಇಬ್ಬರೂ ಒಂದೇ ಮೇಜಿನಲ್ಲಿ ಕೂತಿರುವಾಗ ಕೇಳಿದರೆ ಇನ್ನೂ ಒಳ್ಳೆಯದು.